ಮೊದಲು ಕಸಬರಿಗೆ, ಆಮೇಲೆ ನಾಯಿಮರಿ: ಕಲಬುರಗಿಯ ಪ್ರಾಣಿ ಆಶ್ರಯದಲ್ಲಿ ಪಾಳಿ ಮಾಡುವ ಬಗೆ

ನಮ್ಮಲ್ಲಿಗೆ ಹೊಸದಾಗಿ ಬಂದವರು ಗೇಟು ದಾಟುತ್ತಲೇ ಕೇಳುವುದು ಒಂದೇ ಮಾತು: ‘ಮರಿ ಎಲ್ಲಿ ಅದಾವ್ರಿ?’ ಆಶ್ರಯ ನೋಡಿಕೊಳ್ಳುವ ಕಾಕಾ ಇದಕ್ಕೆ ಉತ್ತರ ಹೇಳುವುದಿಲ್ಲ. ಗೋಡೆಗೆ ಒರಗಿಸಿಟ್ಟ ಕಸಬರಿಗೆಯ ಕಡೆ ಕೈ ತೋರಿಸುತ್ತಾರೆ. ಅರ್ಧ ಜನ ಅಂದು ಮಧ್ಯಾಹ್ನ ಮನೆಗೆ ಹೋದವರು ಮತ್ತೆ ಈ ಕಡೆ ಮುಖ ಹಾಕುವುದಿಲ್ಲ. ಉಳಿದ ಅರ್ಧ ಜನರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಊರ ಹೊರಗಿನ ವರ್ತುಲ ರಸ್ತೆ ದಾಟಿದರೆ ತೊಗರಿ ಹೊಲಗಳ ನಡುವೆ ಒಂದು ತಗಡಿನ ಶೆಡ್ಡು, ಒಂದು ಬೇವಿನ ಮರ, ಒಂದು ಬೋರು. ನಲವತ್ತರ ಆಸುಪಾಸು ನಾಯಿಗಳು, ಹತ್ತೆಂಟು ಬೆಕ್ಕು, ಐದಾರು ದನ, ಲಾರಿ ಬಡಿದು ಕುಂಟಾದ ಒಂದು ಕತ್ತೆ. ಬುಧವಾರ ಮುಂಜಾನೆಯ ಪಾಳಿ ನನ್ನದು. ಇಲ್ಲಿ ಹೇಳಿದ್ದರಲ್ಲಿ ಬಹಳಷ್ಟನ್ನು ತಪ್ಪು ಮಾಡಿಯೇ ಕಲಿತದ್ದು.

ಒಂದು ವಾರ ಹಿಡಿಯಿರಿ

ಸೋಮವಾರ ಹಿಡಿಯುವುದು, ಶನಿವಾರ ಹಿಡಿಯುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಒಪ್ಪತ್ತು ಮಾಡುವವರು ‘ಈ ಸೋಮವಾರ ಬ್ಯಾಸರ’ ಅನ್ನುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಭಾನುವಾರ ಹನ್ನೆರಡು ಜನ ಬಂದು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಮಂಗಳವಾರ ಕಾಕಾ ಒಬ್ಬರೇ ನಲವತ್ತು ನಾಯಿಗಳ ಹೊಲಸು ಬಳಿಯುತ್ತಾರೆ. ಆದ್ದರಿಂದ ವಾರದಲ್ಲಿ ಒಂದೇ ದಿನ, ಎರಡೇ ತಾಸು ಸಾಕು, ಆದರೆ ಅದನ್ನು ತಪ್ಪಿಸಬೇಡಿ. ಬರಲಾಗದಿದ್ದರೆ ಹಿಂದಿನ ರಾತ್ರಿಯೇ ಹೇಳಿ. ಭಾನುವಾರ ಬೇಡ, ಮಂಗಳವಾರವೋ ಗುರುವಾರವೋ ಕೇಳಿ ಪಡೆಯಿರಿ. ಅಂಥವರನ್ನು ಕಂಡರೆ ಕಾಕಾ ಎದ್ದು ಬಂದು ಚಹಾ ಕೊಡುತ್ತಾರೆ.

ಪಾಳಿ ಶುರು ಮಾಡುವ ಮೊದಲು ನಾಯಿಹುಚ್ಚಿನ ಮುಂಜಾಗ್ರತಾ ಲಸಿಕೆ ಹಾಕಿಸಿಕೊಳ್ಳಿ. ಮೊದಲ ದಿನ, 7ನೇ ದಿನ, ಆಮೇಲೆ 21 ಅಥವಾ 28ನೇ ದಿನ, ಹೀಗೆ ಮೂರು ಚುಚ್ಚುಮದ್ದು. ಧನುರ್ವಾಯು ಲಸಿಕೆ ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಎಂಬುದನ್ನೂ ವೈದ್ಯರಿಗೆ ಹೇಳಿ. ಮುಂಜಾಗ್ರತೆ ತೆಗೆದುಕೊಂಡವರಿಗೆ ನಾಯಿ ಕಚ್ಚಿದರೂ ಲಸಿಕೆ ಬೇಕೇ ಬೇಕು, ಆದರೆ ಎರಡೇ ಸಾಕಾಗುತ್ತದೆ, ಗಾಯಕ್ಕೆ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ತಪ್ಪುತ್ತದೆ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದ ಪ್ಯಾಂಟು, ತುಂಬು ತೋಳು, ಮುಚ್ಚಿದ ಬೂಟು. ದುಪಟ್ಟಾ ಸೊಂಟಕ್ಕೆ ಬಿಗಿದಿರಲಿ, ಜೋತಾಡುವ ಓಲೆ ಮನೆಯಲ್ಲಿರಲಿ. ಚಪ್ಪಲಿ ಮಾತ್ರ ಬೇಡ. ಅದರ ಕತೆ ಮುಂದೆ ಬರುತ್ತದೆ.

ಮುಟ್ಟುವ ಮೊದಲು ಒಂದು ಸುತ್ತು ಸುಮ್ಮನೆ ನೋಡಿ

ಮುಂಜಾನೆ ಆರಕ್ಕೆ ಬಂದರೆ ಮೊದಲ ಹದಿನೈದು ನಿಮಿಷ ಯಾವ ಪ್ರಾಣಿಯನ್ನೂ ಮುಟ್ಟಬೇಡಿ, ಯಾವ ಬುಟ್ಟಿಯನ್ನೂ ಎತ್ತಬೇಡಿ. ಕಸ ಗುಡಿಸಿದ ಮೇಲೆ ರಾತ್ರಿಯ ಸುದ್ದಿಯೂ ಗುಡಿಸಿಹೋಗುತ್ತದೆ. ಯಾರ ಬಟ್ಟಲಲ್ಲಿ ರಾತ್ರಿಯ ಊಟ ಹಾಗೇ ಉಳಿದಿದೆ? ಯಾರು ವಾಂತಿ ಮಾಡಿಕೊಂಡಿದ್ದಾರೆ? ಮಲದಲ್ಲಿ ರಕ್ತವಿದೆಯೇ, ಹುಳವಿದೆಯೇ? ನಿನ್ನೆ ಗೇಟಿಗೆ ಓಡಿ ಬರುತ್ತಿದ್ದ ನಾಯಿ ಇಂದು ಮೂಲೆಯಲ್ಲಿ ಬೆನ್ನು ಮಾಡಿ ಮಲಗಿದ್ದರೆ ಅದನ್ನು ಬರೆದುಕೊಳ್ಳಿ. ನಮ್ಮಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ, ಕಿರಾಣಿ ಅಂಗಡಿಯವರು ಉದ್ರಿ ಬರೆಯುತ್ತಾರಲ್ಲ ಅಂಥದ್ದು. ಪ್ರತಿ ಪ್ರಾಣಿಗೂ ಒಂದು ಪುಟ: ಊಟ, ಮಲ, ಮದ್ದು, ತೂಕ. ವಾರಕ್ಕೊಮ್ಮೆ ಪಶುವೈದ್ಯರು ಬಂದಾಗ ಮೊದಲು ಕೇಳುವುದು ಅದನ್ನೇ.

ಸುತ್ತು ಹಾಕುವುದಕ್ಕೆ ಒಂದು ಕ್ರಮವಿದೆ, ಅದನ್ನು ಯಾವತ್ತೂ ತಿರುಗುಮುರುಗು ಮಾಡಬಾರದು. ಮೊದಲು ಲಸಿಕೆ ಪೂರ್ತಿಯಾಗದ ಮರಿಗಳು, ಆಮೇಲೆ ಗಟ್ಟಿಮುಟ್ಟಾದ ದೊಡ್ಡ ನಾಯಿಗಳು, ಆಮೇಲೆ ಹೊಸದಾಗಿ ಬಂದು ಬೇರೆ ಕಟ್ಟಿದವು, ಕೊನೆಗೆ ರೋಗದ ಕೋಣೆ. ರೋಗದ ಕೋಣೆಗೆ ಹೋದವರು ಅಂದು ಮತ್ತೆ ಮರಿಗಳ ಹತ್ತಿರ ಸುಳಿಯಬಾರದು.

ಮೊದಲ ವರ್ಷ ನಾನು ಈ ಕ್ರಮವನ್ನು ಮಡಿ ಮೈಲಿಗೆಯ ಹಾಗೆ ಏನೋ ಒಂದು ಶಾಸ್ತ್ರ ಎಂದುಕೊಂಡಿದ್ದೆ. ರಕ್ತಭೇದಿಯಾಗಿ ಮಲಗಿದ್ದ ಒಂದು ನಾಯಿಗೆ ನೀರು ಇಟ್ಟು, ಅದೇ ಚಪ್ಪಲಿಯಲ್ಲಿ ಏಳು ಮರಿಗಳಿದ್ದ ಕೋಣೆಗೆ ಹೋದೆ. ಎರಡು ನಿಮಿಷ ನಿಂತಿದ್ದೆ ಅಷ್ಟೇ. ವಾರ ತುಂಬುವುದರೊಳಗೆ ಮೊದಲ ಮರಿ ಊಟ ಬಿಟ್ಟಿತು. ಪಾರ್ವೊ, ಮರಿಗಳಿಗೆ ರಕ್ತಭೇದಿ ತರುವ ಅಂಟುರೋಗ. ಏಳರಲ್ಲಿ ಮೂರು ಉಳಿದವು. ಕಾಕಾ ಬೈಯಲಿಲ್ಲ, ‘ಚಪ್ಪಲಿ ಹೊರಗ ಬಿಡ್ ಅವ್ವಾ’ ಅಂದರು, ಅಷ್ಟೇ. ಪಾರ್ವೊ ವೈರಸ್ಸು ಮಣ್ಣಿನಲ್ಲಿ, ನೆಲದ ಸಂದಿಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಸೋಪಿಗೂ ಫಿನಾಯಿಲಿಗೂ ಬಗ್ಗುವುದಿಲ್ಲ. ಈಗ ಪ್ರತಿ ಕೋಣೆಯ ಬಾಗಿಲಲ್ಲೂ ಒಂದೊಂದು ಜೊತೆ ರಬ್ಬರ್ ಬೂಟು ಇಟ್ಟಿದ್ದೇವೆ.

ತೊಳೆಯುವುದು: ಪಾಳಿಯ ಅರ್ಧ ಹೊತ್ತು ಇದಕ್ಕೇ

ಈ ಭಾಗವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ತಪ್ಪುವುದು ಇಲ್ಲಿಯೇ.

ನಮ್ಮ ಜಿಲ್ಲೆಯ ಮನೆ ಮನೆಯಲ್ಲಿರುವ ಹಾಗೆ ಆಶ್ರಯದ ನೆಲಕ್ಕೂ ಶಹಾಬಾದ್ ಪರ್ಸಿಯೇ ಹಾಸಿದೆ. ಅದು ಸುಣ್ಣದ ಕಲ್ಲು. ಕಕ್ಕಸು ತೊಳೆಯುವ ಆಸಿಡ್ ಸುರಿದರೆ ನೊರೆ ಬಂದು ಕಲ್ಲೇ ಕರಗುತ್ತದೆ, ಮೈ ಒರಟಾಗಿ ಕೊಳೆ ಇನ್ನಷ್ಟು ಕೂರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಆಸಿಡ್ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಅದು ಮನುಷ್ಯರಿಗೂ ಪ್ರಾಣಿಗಳಿಗೂ ಉಸಿರು ಕಟ್ಟಿಸುತ್ತದೆ. ಆದ್ದರಿಂದ ಆಸಿಡ್ ಬಾಟಲಿ ಆಶ್ರಯದೊಳಗೆ ಬರಲೇಬಾರದು. ಯಾರಾದರೂ ಪುಣ್ಯಕ್ಕೆಂದು ತಂದುಕೊಟ್ಟರೂ ಕೈಮುಗಿದು ಮರಳಿಸಿ.

ತೊಳೆಯುವ ಕ್ರಮ ಹೀಗೆ. ಪ್ರಾಣಿಯನ್ನು ಬೇರೆ ಕೋಣೆಗೆ ಬಿಡಿ. ಮೊದಲು ಒಣದಾಗಿ ಬಳಿಯಿರಿ, ಮಲದ ಮೇಲೆ ನೀರು ಸುರಿಯಬೇಡಿ. ಸುರಿದರೆ ಒಂದು ಮೂಲೆಯ ಹೊಲಸು ಕೋಣೆ ತುಂಬ ಹರಡುತ್ತದೆ, ನೀರೂ ಮೂರು ಪಟ್ಟು ಬೇಕಾಗುತ್ತದೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಬಳಿದಾದ ಮೇಲೆ ಸೋಪಿನ ಪುಡಿ ಹಾಕಿ ಕಲ್ಲುಗಳ ಸಂದಿಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಜಿಡ್ಡು ಹೋಗದ ನೆಲದ ಮೇಲೆ ಬ್ಲೀಚಿಂಗ್ ಕೆಲಸ ಮಾಡುವುದಿಲ್ಲ. ಆಮೇಲೆ ಹತ್ತು ಲೀಟರಿನ ಒಂದು ಬಕೀಟಿಗೆ 60–70 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ತಿಳಿ ಮಾಡಿಕೊಂಡು ನೆಲಕ್ಕೆ ಸುರಿದು ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷ ಕಾಯಲು ಯಾರಿಗೂ ತಾಳ್ಮೆ ಇರುವುದಿಲ್ಲ, ಆದರೆ ಪಾರ್ವೊ ಸಾಯುವುದು ಆ ಹತ್ತು ನಿಮಿಷದಲ್ಲಿಯೇ. ಕೊನೆಗೆ ಒಳ್ಳೆಯ ನೀರಿನಲ್ಲಿ ತೊಳೆದು, ನೆಲ ಪೂರ್ತಿ ಒಣಗಿದ ಮೇಲೆ ಪ್ರಾಣಿಯನ್ನು ಒಳಗೆ ಬಿಡಿ. ಹಸಿ ನೆಲದಲ್ಲಿ ಮಲಗಿದ ನಾಯಿಗೆ ಪಾದದ ಸಂದಿ ಕೊಳೆಯುತ್ತದೆ.

ಬ್ಲೀಚಿಂಗ್ ನೀರನ್ನು ದಿನಾ ಹೊಸದಾಗಿ ಕಲಸಬೇಕು. ನಿನ್ನೆಯದು ನಾರುವುದೊಂದೇ, ಬಲ ಇರುವುದಿಲ್ಲ. ಪುಡಿಯ ಚೀಲವನ್ನೂ ಬಿಸಿಲಿನ ತಗಡಿನ ಕೆಳಗೆ ಬಾಯಿ ತೆರೆದು ಇಟ್ಟರೆ ನಮ್ಮ ಬೇಸಿಗೆಯಲ್ಲಿ ಸತ್ವ ಹೋಗುತ್ತದೆ. ಡಬ್ಬಿಯಲ್ಲಿ ಮುಚ್ಚಿ ನೆರಳಿನಲ್ಲಿಡಿ.

ಬೆಕ್ಕಿನ ಕೋಣೆಗೆ ಫಿನಾಯಿಲ್ ಬೇಡವೇ ಬೇಡ. ಅದರಲ್ಲಿನ ಫಿನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಲಿವರ್ ಅರಗಿಸಲಾರದು. ಬೆಕ್ಕು ಪಾದ ನೆಕ್ಕಿಕೊಳ್ಳುವ ಪ್ರಾಣಿ, ನೆಲದ ಮೇಲಿದ್ದದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಜ್ವರ ಬಂದಿದೆ ಎಂದು ಪ್ಯಾರಾಸಿಟಮಾಲ್ ಕೊಡುವುದೂ ಹಾಗೆಯೇ. ಒಂದೇ ಗುಳಿಗೆಗೆ ಬೆಕ್ಕು ಸಾಯಬಹುದು. ಮನುಷ್ಯರ ಮದ್ದಿನ ಡಬ್ಬಿ ಈ ಗೇಟಿನೊಳಗೆ ಬರದಿದ್ದರೆ ಎಲ್ಲರಿಗೂ ಕ್ಷೇಮ.

ಊಟದ ಪಾತ್ರೆ

ಎಂಟು ಗಂಟೆಗೆ ದೊಡ್ಡ ಬೋಗುಣಿಯಲ್ಲಿ ಜೋಳದ ನುಚ್ಚು ಕುದಿಯುತ್ತಿರುತ್ತದೆ. ಅದಕ್ಕೆ ಅಕ್ಕಿ, ಮೆತ್ತಗೆ ಬೆಂದ ಸ್ವಲ್ಪ ತೊಗರಿಬೇಳೆ, ಕೋಳಿ ಅಂಗಡಿಯಿಂದ ತಂದ ಕತ್ತು-ಕಾಲು, ಇಲ್ಲವೇ ತತ್ತಿ. ಉಪ್ಪು ಖಾರ ಇಲ್ಲ. ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟಿಸಲೇಬಾರದು, ಅವು ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಕೋಳಿಯ ಎಲುಬು ಬೆಂದ ಮೇಲೆ ಚೂಪಾಗಿ ಸೀಳುವುದರಿಂದ ಬೋಗುಣಿ ಇಳಿಸಿ ಆರಿಸಿ, ಎಲುಬು ಆಯ್ದು ತೆಗೆಯುವುದು ಹೊಸಬರ ಕೆಲಸ. ನಾಲ್ಕು ವಾರ ಅದನ್ನೇ ಮಾಡಿದರೆ ಬಡ್ತಿ.

ಹೋಟೆಲಿನವರೂ ಲಗ್ನದ ಮನೆಯವರೂ ಉಳಿದ ಅಡುಗೆಯನ್ನು ಪ್ರೀತಿಯಿಂದಲೇ ಕಳಿಸುತ್ತಾರೆ. ಎಳ್ಳಮಾಸಿ ಮರುದಿನವಂತೂ ಭಜ್ಜಿ, ಸಜ್ಜೆ ರೊಟ್ಟಿ ಡಬ್ಬಿಗಟ್ಟಲೆ ಬರುತ್ತದೆ. ರೊಟ್ಟಿ ಇಟ್ಟುಕೊಳ್ಳಿ, ಭಜ್ಜಿಯನ್ನು ನಾವೇ ಉಣ್ಣುತ್ತೇವೆ. ಬಿರಿಯಾನಿ, ಸಾಂಬಾರು ಕಲಸಿದ ಅನ್ನ ಬಂದರೆ ಬೇಡ ಎನ್ನಲು ಕಲಿಯಿರಿ: ‘ಅಣ್ಣಾರ, ಮಸಾಲಿ ಹಾಕೋಕಿಂತ ಮೊದ್ಲ ಬರೀ ಅನ್ನ ತೆಗೆದಿಟ್ಟು ಕೊಡ್ರಿ’ ಅಂದರೆ ಮುಂದಿನ ಸಲ ಹಾಗೇ ಕೊಡುತ್ತಾರೆ. ಯಾರಿಗೂ ಸಿಟ್ಟು ಬರುವುದಿಲ್ಲ, ನಾನು ನೋಡಿದ್ದೇನೆ.

ದೊಡ್ಡ ನಾಯಿಗಳಲ್ಲಿ ಅನೇಕಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ತಾಯಿ ಇಲ್ಲದ ಎಳೆಮರಿಗಳಿಗೂ ಬರೀ ಹಸುವಿನ ಹಾಲು ಸಾಲದು, ನಾಯಿಹಾಲಿನಲ್ಲಿರುವಷ್ಟು ಕೊಬ್ಬು, ಪ್ರೋಟೀನು ಅದರಲ್ಲಿಲ್ಲ. ಪಶುಮದ್ದಿನ ಅಂಗಡಿಯಲ್ಲಿ ಮರಿಗಳ ಹಾಲುಪುಡಿ ಸಿಗುತ್ತದೆ. ಕುಡಿಸುವ ಮೊದಲು ಮರಿಯ ಮೈ ಬೆಚ್ಚಗಿರಬೇಕು. ತಣ್ಣಗಾದ ಮರಿಗೆ ಹಾಲು ಕೊಟ್ಟರೆ ಅರಗದೆ ಸಾಯುತ್ತದೆ. ಕೂಸಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗೆ ಮಾಡಿ, ತಲೆ ತುಸು ಮೇಲೆತ್ತಿ ಹಿಡಿಯಿರಿ. ಮೊದಲ ಎರಡು ಮೂರು ವಾರ ಮರಿಗಳು ತಾವಾಗಿ ಉಚ್ಚೆ ಹೊಯ್ಯಲಾರವು. ತಾಯಿ ನೆಕ್ಕುತ್ತಾಳೆ, ಅವಳಿಲ್ಲದಾಗ ಬೆಚ್ಚನೆ ನೀರಿನ ಅರಳೆಯಿಂದ ಮೆಲ್ಲಗೆ ಒರೆಸಬೇಕು. ಮರಿ ಬೇಕು ಮರಿ ಬೇಕು ಎಂದು ಬಂದವರಿಗೆ ಕಾಕಾ ಈ ಅರಳೆ ಕೊಟ್ಟಾಗ ಅವರ ಮುಖ ನೋಡಬೇಕು!

ದನಗಳಿಗೆ ಪುಣ್ಯದ ಹೋಳಿಗೆ ಬೇಡ

ಊರ ದನಗಳಿಗೆ ರೋಗಕ್ಕಿಂತ ಹೆಚ್ಚಾಗಿ ನಮ್ಮ ಭಕ್ತಿಯೇ ಮುಳುವಾಗುತ್ತದೆ. ಹಬ್ಬದ ದಿನ ಹತ್ತು ಮನೆಯವರು ಹೋಳಿಗೆ, ಅನ್ನ, ರೊಟ್ಟಿ ತಿನ್ನಿಸಿದರೆ ದನದ ಹೊಟ್ಟೆಯಲ್ಲಿ ಆ ಪಿಷ್ಟವೆಲ್ಲ ಒಮ್ಮೆಲೇ ಹುಳಿಯಾಗುತ್ತದೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ದನ ಮಲಗಿಬಿಡುತ್ತದೆ, ಒಂದೆರಡು ದಿನದಲ್ಲಿ ಸಾಯಲೂಬಹುದು. ಪುಣ್ಯ ಬೇಕಾದವರು ಒಂದು ಹೊರೆ ಕಣಿಕಿ, ಅಂದರೆ ಒಣಗಿದ ಜೋಳದ ದಂಟು, ತರಲಿ. ತೊಗರಿ ಹೊಟ್ಟು ಇನ್ನೂ ಒಳ್ಳೆಯದು, ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ?

ಹಸಿ ಜೋಳ ತರುವವರನ್ನು ಮಾತ್ರ ಎರಡು ಸಲ ಕೇಳಿ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ, ಕೊಯ್ದ ಮೇಲೆ ಬುಡದಿಂದ ಚಿಗುರಿದ ಕೂಳೆಯಲ್ಲಿ ವಿಷವಿರುತ್ತದೆ. ಹೊಟ್ಟೆಯಲ್ಲಿ ಅದು ಸಯನೈಡ್ ಆಗುತ್ತದೆ. ತಿಂದ ಕೆಲವೇ ನಿಮಿಷಗಳಲ್ಲಿ ದನ ಏದುಸಿರು ಬಿಟ್ಟು ನಡುಗಿ ಬೀಳಬಹುದು. ಹಳೆಯ ರೈತರಿಗೆಲ್ಲ ಇದು ಗೊತ್ತು. ಹೊಲ ಮಾರಿ ಊರಿಗೆ ಬಂದವರ ಮಕ್ಕಳಿಗೆ ಗೊತ್ತಿಲ್ಲ. ಚೆನ್ನಾಗಿ ಬಲಿತು ಒಣಗಿದ ಕಣಿಕಿಯಲ್ಲಿ ಆ ಭಯ ಕಡಿಮೆ.

ಪ್ಲಾಸ್ಟಿಕ್ ಚೀಲದ ಬಗ್ಗೆ ಎಷ್ಟು ಹೇಳಿದರೂ ಅಷ್ಟೇ. ಕಾಯಿಪಲ್ಯೆ ಸಿಪ್ಪೆಯನ್ನು ಗಂಟು ಕಟ್ಟಿ ಎಸೆದರೆ ದನ ಗಂಟನ್ನೇ ನುಂಗುತ್ತದೆ. ಅದು ಕರಗುವುದಿಲ್ಲ, ಹೊರಗೂ ಬರುವುದಿಲ್ಲ, ಹೊಟ್ಟೆ ಕೊಯ್ದೇ ತೆಗೆಯಬೇಕು. ಅಂಥ ದೊಡ್ಡ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ನಮ್ಮ ಕಡೆಯವರಿಗೆ ಬೀದರ್‌ ನಂದಿನಗರದ ಪಶುವೈದ್ಯಕೀಯ ಕಾಲೇಜು ನೆನಪಾಗುತ್ತದೆ, ಆದರೆ ನೂರು ಕಿಲೋಮೀಟರಿಗೂ ಮೇಲಿನ ದಾರಿ. ದನಕರುಗಳಿಗೆ ತುರ್ತು ಚಿಕಿತ್ಸೆ ಬೇಕಾದಾಗ ಮೊದಲು 1962ಕ್ಕೆ ಫೋನ್ ಮಾಡಿ, ಅದು ಸಂಚಾರಿ ಪಶುಚಿಕಿತ್ಸಾ ವಾಹನದ ಸಂಖ್ಯೆ.

ಬೇಸಿಗೆಯ ಪಾಳಿ ಬೇರೆಯದೇ

ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 42–43 ದಾಟುವ ಊರು ನಮ್ಮದು. ಆಗ ಪಾಳಿ ಐದೂವರೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ, ಸಂಜೆ ಆರರ ನಂತರ ಇನ್ನೊಂದು. ನಡುವೆ ಯಾವ ನಾಯಿಯನ್ನೂ ಹೊರಗೆ ಒಯ್ಯಬಾರದು. ಪರ್ಸಿ ಕಲ್ಲಿನ ಮೇಲೆ ನಿಮ್ಮ ಹಿಂಗೈ ಇಟ್ಟು ಏಳರವರೆಗೆ ಎಣಿಸಿ, ಕೈ ತಡೆಯದಿದ್ದರೆ ಪಾದವೂ ತಡೆಯುವುದಿಲ್ಲ.

ಮಾರ್ಚಿನಲ್ಲೇ ತಗಡಿನ ಮೇಲೆ ದಪ್ಪಗೆ ಸುಣ್ಣ ಬಳಿಯಿರಿ, ಒಳಗಿನ ಝಳ ತಗ್ಗುತ್ತದೆ. ಗಾಳಿ ಬರುವ ಕಡೆ ಹಸಿ ಗೋಣಿತಟ್ಟು ಕಟ್ಟಿ. ಹದಿನೈದು ಕೆಜಿಯ ನಾಯಿ ಸಾಧಾರಣ ದಿನಗಳಲ್ಲಿ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ದನಕ್ಕೆ ದಿನಕ್ಕೆ 40–60 ಲೀಟರ್ ಬೇಕು. ಪ್ಲಾಸ್ಟಿಕ್ ಬುಟ್ಟಿಯ ನೀರು ಮಧ್ಯಾಹ್ನಕ್ಕೆ ಚಹಾ ಆಗಿರುತ್ತದೆ, ಆದ್ದರಿಂದ ಮಣ್ಣಿನ ಪರಾತ ಅಥವಾ ಕಲ್ಲಿನ ದೋಣಿ ಇಡಿ. ದೋಣಿಯನ್ನು ದಿನಾ ಖಾಲಿ ಮಾಡಿ ತಿಕ್ಕಿ. ಪಾಚಿ ಕಟ್ಟಿದ ನೀರನ್ನು ಪ್ರಾಣಿ ಮೂಸಿ ಬಿಡುತ್ತದೆ, ನಾವು ‘ನೀರು ಇತ್ತಲ್ಲ’ ಅನ್ನುತ್ತೇವೆ.

ಬಿಸಿಲು ಬಡಿದ ನಾಯಿ ಬಾಯಿ ತೆರೆದು ಜೋರಾಗಿ ಏದುತ್ತದೆ, ಒಸಡು ಕೆಂಪಾಗುತ್ತದೆ, ತೂರಾಡುತ್ತದೆ. ಆರೋಗ್ಯದ ನಾಯಿಯ ಮೈಬಿಸಿ 101–102 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ಜೀವಕ್ಕೆ ಅಪಾಯ. ಕೂಡಲೇ ನೆರಳಿಗೆ ತಂದು ಹೊಟ್ಟೆ, ಬಗಲು, ಪಾದಗಳಿಗೆ ನೀರು ಹಾಕುತ್ತ ಬೀಸಣಿಗೆಯಿಂದಲೋ ಫ್ಯಾನಿನಿಂದಲೋ ಗಾಳಿ ಕೊಡಿ. ಪೈಪಿನಲ್ಲಿ ನಿಂತಿದ್ದ ಮೊದಲ ನೀರು ಸುಡುತ್ತಿರುತ್ತದೆ, ಅದನ್ನು ನೆಲಕ್ಕೆ ಬಿಟ್ಟು ಆಮೇಲೆ ಹಾಕಿ. ಹಸಿ ಟವಲು ಹೊದಿಸಿ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಅದೇ ಕಂಬಳಿಯಾಗುತ್ತದೆ. 103ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ ವೈದ್ಯರ ಹತ್ತಿರ ಒಯ್ಯಿರಿ. ಪ್ರಜ್ಞೆ ಇಲ್ಲದ ಪ್ರಾಣಿಯ ಬಾಯಿಗೆ ನೀರು ಹೊಯ್ಯಬಾರದು.

ಫೋನು ಬಂದಾಗ

ದಿನಕ್ಕೆ ಹತ್ತಾರು ಕರೆ. ‘ಇಲ್ಲೊಂದು ನಾಯಿ ಅದಾ, ಒಯ್ಯರಿ.’ ಫೋನಿನ ಪಾಳಿ ಬಂದವರು ತಕ್ಷಣ ‘ಬರ್ತೀವಿ’ ಅನ್ನಬೇಡಿ. ನಮ್ಮಲ್ಲಿರುವುದು ನಲವತ್ತರ ಜಾಗ, ನಲವತ್ತೊಂದನೆಯದು ಬಂದರೆ ನಲವತ್ತಕ್ಕೂ ರೋಗ. ಫೋಟೊ ಅಥವಾ ವಿಡಿಯೊ ಕಳಿಸಲು ಹೇಳಿ, ಗುರುತಿನ ಜಾಗ ಕೇಳಿ, ವೈದ್ಯರು ಬರುವವರೆಗೆ ಅಲ್ಲೇ ನಿಲ್ಲುತ್ತೀರಾ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಅರ್ಧ ಫೋನು ಅಲ್ಲೇ ಕಟ್ಟಾಗುತ್ತವೆ.

ಮಳೆಗಾಲ ಕಳೆದು ಚಳಿ ಬಂದಾಗ ಓಣಿ ಓಣಿಯಲ್ಲಿ ನಾಯಿ ಮರಿ ಹಾಕುತ್ತವೆ. ಮರಿಗಳು ಒಂಟಿಯಾಗಿ ಕುಂಯ್‌ಗುಡುತ್ತಿದ್ದರೆ ತಾಯಿ ಊಟ ಹುಡುಕಲು ಹೋಗಿರುವುದೇ ಹೆಚ್ಚು. ದೂರ ನಿಂತು ಮೂರ್ನಾಲ್ಕು ತಾಸು ನೋಡಿ. ತಾಯಿ ಬಂದರೆ ಎತ್ತಬೇಡಿ, ಒಂದು ಗೋಣಿತಟ್ಟು ಹಾಸಿ, ತಾಯಿಗೆ ಊಟ ಇಡಿ. ಎಂಥ ಆಶ್ರಯವೂ ತಾಯಿಯ ಸಮ ಅಲ್ಲ, ಅದರಲ್ಲೂ ಪಾರ್ವೊ ಸುಳಿದಾಡುವ ಆಶ್ರಯ.

ಬೀದಿಯ ಗಾಯದಲ್ಲಿ ಹುಳ ಬಿದ್ದಿದ್ದರೆ ಸೀಮೆಎಣ್ಣೆ, ಪೆಟ್ರೋಲು ಸುರಿಯಬೇಡಿ ಎಂದು ಫೋನಿನಲ್ಲೇ ಎರಡು ಸಲ ಹೇಳಿ. ಮಂಗ, ನವಿಲು, ಗಿಣಿ, ಹಾವಿನ ಕರೆ ಬಂದರೆ ಅದು 1972ರ ವನ್ಯಜೀವಿ ಕಾಯ್ದೆಗೆ ಸೇರಿದ್ದು. ನಾವು ಇಟ್ಟುಕೊಳ್ಳುವ ಹಾಗಿಲ್ಲ, ಅರಣ್ಯ ಇಲಾಖೆಗೆ ತಿಳಿಸಬೇಕು.

ಹೊಸ ನಾಯಿ ಬಂದರೆ ಎರಡು ವಾರ ಬೇರೆ ಕೋಣೆ, ಬೇರೆ ಬಟ್ಟಲು. ‘ಪಾಪ, ಒಂಟಿ ಐತಿ’ ಎಂದು ಸಡಿಲ ಮಾಡಬೇಡಿ. ಒಂದು ಪುಸ್ತಕ ಹಿಡಿದು ಅದರ ಕೋಣೆಯ ಹೊರಗೆ ಕುಳಿತು ಗಟ್ಟಿಯಾಗಿ ಓದಿ. ನಾಯಿ ನಿಮ್ಮ ದನಿಗೆ ಒಗ್ಗುತ್ತದೆ, ನೀವೂ ಸುಮ್ಮನೆ ಕುಳಿತ ಹಾಗಾಗುವುದಿಲ್ಲ. ನಮ್ಮಲ್ಲಿ ಒಬ್ಬ ಹುಡುಗ ಹಾಗೆ ಕುಳಿತೇ ಪರೀಕ್ಷೆಗೆ ಓದಿದ.

ಕಚ್ಚಿದರೆ

ಮಾತಿಲ್ಲ, ನಾಚಿಕೆ ಇಲ್ಲ. ನಲ್ಲಿಯ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಖಾರಪುಡಿ, ಅರಿಶಿನ, ಸುಣ್ಣ, ಹಳ್ಳಿಯ ನಾಟಿ ಔಷಧಿ ಯಾವುದೂ ಬೇಡ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರಿ ಐದು. ಮೂರು ಹಾಕಿಸಿಕೊಂಡು ‘ನಾಯಿ ಚಲೋ ಅದಾ’ ಎಂದು ನೀವಾಗಿಯೇ ನಿಲ್ಲಿಸಬೇಡಿ. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕು, ಆದರೆ ಲಸಿಕೆಗಾಗಿ ಹತ್ತು ದಿನ ಕಾಯಬಾರದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಹುಚ್ಚಿಗೆ ಮದ್ದಿಲ್ಲ.

ಇನ್ನೊಂದು ಮಾತು, ರೈತರ ಮನೆಯವರು ಗಮನವಿಟ್ಟು ಓದಿ. ದನ ಜೊಲ್ಲು ಸುರಿಸುತ್ತ ನುಂಗಲಾಗದೆ ಒದ್ದಾಡಿದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಕೈ ಹಾಕುವ ರೂಢಿ ಇದೆ. ಅದು ನಾಯಿಹುಚ್ಚೇ ಇರಬಹುದು. ವೈದ್ಯರು ಬರುವವರೆಗೆ ಕೈ ಹೊರಗಿರಲಿ.

ಕಿವಿಯ ಗುರುತು, ಪಾಲಿಕೆಯ ನಿಯಮ

ಕಿವಿಯ ತುದಿಯಲ್ಲಿ ಕತ್ತರಿಸಿದ ಸಣ್ಣ ಗುರುತು ಕಂಡರೆ ಆ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಈ ಹೊಣೆ ಸ್ಥಳೀಯ ಸಂಸ್ಥೆಯದು. ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ನಾಯಿಹುಚ್ಚಿನ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಬೇರೆ ಓಣಿಗೆ ಬಿಟ್ಟರೆ ಅಲ್ಲಿನ ನಾಯಿಗಳು ಕಡಿಯುತ್ತವೆ, ಖಾಲಿಯಾದ ಜಾಗಕ್ಕೆ ಲಸಿಕೆ ಇಲ್ಲದ ಹೊಸ ನಾಯಿಗಳು ಬರುತ್ತವೆ. 2025ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕೆಲವು ಬದಲಾವಣೆ ತಂದಿತು: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಯೇ ಬಿಡಬಾರದು, ಆಶ್ರಯಕ್ಕೆ ಸೇರಿಸಬೇಕು, ಬೀದಿ ನಾಯಿಗಳಿಗೆ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಊಟ ಹಾಕಬೇಕು ಎಂದಿತು. ಹಾಗಾಗಿ ಓಣಿಯಲ್ಲಿ ಯಾರಾದರೂ ಜಗಳಕ್ಕೆ ಬಂದರೆ ವಾದ ಬೇಡ, ಪಾಲಿಕೆಯ ಪಶುವೈದ್ಯಾಧಿಕಾರಿಯನ್ನು ಜೊತೆಗೆ ಕರೆದುಕೊಂಡು ಕುಳಿತು ಮಾತಾಡಿ. ಮಕ್ಕಳನ್ನು ಶಾಲೆಗೆ ಕಳಿಸುವ ತಾಯಿಯ ಹೆದರಿಕೆಯೂ ಸುಳ್ಳಲ್ಲ. ಅದನ್ನು ಒಪ್ಪಿಕೊಂಡು ಮಾತು ಶುರು ಮಾಡಿದ ದಿನವೇ ನಮ್ಮ ಓಣಿಯಲ್ಲಿ ಎಂಟು ಹೆಣ್ಣು ನಾಯಿಗಳ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು.

ಏನು ಬೇಕು ಎಂದು ಹೆಸರು ಹಿಡಿದು ಕೇಳಿ

‘ಸಹಾಯ ಮಾಡಿ’ ಎಂದರೆ ಯಾರೂ ಕೊಡುವುದಿಲ್ಲ. ‘ಈ ವಾರ ನುಚ್ಚು 20 ಕೆಜಿ, ಹಳೆ ಪೇಪರು, ಗೋಣಿಚೀಲ ಹತ್ತು, ಹಳೆ ಧೋತರ’ ಎಂದು ಹಲಗೆಯ ಮೇಲೆ ಬರೆದರೆ ಸಂಜೆಗೆ ಬರುತ್ತವೆ. ಬಂದ ದುಡ್ಡಿಗೆ ಅಂದೇ ಚೀಟಿ ಹರಿಯಿರಿ, ತಿಂಗಳ ಲೆಕ್ಕವನ್ನು ಅದೇ ಹಲಗೆಗೆ ಅಂಟಿಸಿ. ಹುಟ್ಟುಹಬ್ಬಕ್ಕೆ ಬಂದು ನಾಯಿಗೆ ಕೇಕು ತಿನ್ನಿಸುವವರಿಗೆ ಬಾಗಿಲಲ್ಲೇ ತತ್ತಿಯ ಅಂಗಡಿ ತೋರಿಸಿ.

ಮನೆಗೆ ಕಳಿಸುವುದು

ಒಂದು ನಾಯಿ ಒಳ್ಳೆಯ ಮನೆ ಸೇರಿದರೆ ಇಲ್ಲಿ ಇನ್ನೊಂದಕ್ಕೆ ಜಾಗವಾಗುತ್ತದೆ, ಆಶ್ರಯ ನಡೆಯುವುದೇ ಅದರ ಮೇಲೆ. ಆದರೂ ಕೇಳಿದವರಿಗೆಲ್ಲ ಕೊಡಬೇಡಿ. ಬಾಡಿಗೆ ಮನೆಯಾದರೆ ಮಾಲಕರ ಒಪ್ಪಿಗೆ ಇದೆಯೇ? ಲಗ್ನ, ಜಾತ್ರೆ, ಉರುಸಿಗೆ ನಾಲ್ಕು ದಿನ ಊರಿಗೆ ಹೋದರೆ ಯಾರು ನೋಡುತ್ತಾರೆ? ಮನೆಯ ಹಿರಿಯರಿಗೆ ಒಪ್ಪಿಗೆಯೇ? ನಮ್ಮ ಕಡೆ ಬಹಳ ಜನ ಹೊಲ ಕಾಯಲೆಂದು ಗಂಡು ಮರಿ ಕೇಳುತ್ತಾರೆ. ಕೊಡಬಹುದು, ನೆರಳು, ನೀರು, ಲಸಿಕೆ ಇರುತ್ತದೆಯೇ, ದಿನವಿಡೀ ಸರಪಳಿಯಲ್ಲಿ ಕಟ್ಟುವುದಿಲ್ಲವೇ ಎಂದು ಒಮ್ಮೆ ಹೊಲಕ್ಕೇ ಹೋಗಿ ನೋಡಿ. ಹೆಣ್ಣು ಮರಿ ಬೇಡ ಎನ್ನುವವರಿಗೆ ಶಸ್ತ್ರಚಿಕಿತ್ಸೆ ನಾವೇ ಮಾಡಿಸುತ್ತೇವೆ ಎಂದು ಹೇಳಿ. ನಮ್ಮಲ್ಲಿ ಹೋದ ವರ್ಷ ಹಾಗೆ ಹೋದ ಮೂರು ಹೆಣ್ಣು ನಾಯಿಗಳೂ ಮನೆ ಆಳುತ್ತಿವೆ.

ಮರಿಗೆ 6–8 ವಾರಕ್ಕೆ ಮೊದಲ ಲಸಿಕೆ, ಆಮೇಲೆ 16 ವಾರದವರೆಗೆ ಮೂರ್ನಾಲ್ಕು ವಾರಕ್ಕೊಮ್ಮೆ, ಮೂರು ತಿಂಗಳಿಗೆ ನಾಯಿಹುಚ್ಚಿನ ಲಸಿಕೆ, ಅದನ್ನು ಪ್ರತಿ ವರ್ಷ. ಈ ಚೀಟಿಯನ್ನು ಮರಿಯ ಜೊತೆಗೇ ಕೊಟ್ಟು, ಹದಿನೈದು ದಿನಕ್ಕೆ ಒಂದು ಫೋನು ಮಾಡಿ. ಒಗ್ಗಲಿಲ್ಲ ಎಂದು ಮರಳಿ ತಂದರೆ ಬೈಯಬೇಡಿ. ಬೈದರೆ ಮುಂದಿನವರು ಇಲ್ಲಿಗೆ ತರದೆ ಹುಮನಾಬಾದ್ ರಸ್ತೆಯಲ್ಲಿ ಬಿಟ್ಟುಹೋಗುತ್ತಾರೆ.

ಹೊರಡುವಾಗ

ಪುಸ್ತಕದಲ್ಲಿ ಇಂದಿನ ಮಾತು ಬರೆದು, ಸಂಜೆಯ ಪಾಳಿಯವರಿಗೆ ಬಾಯಿಂದಲೂ ಹೇಳಿ. ಹೊರಗಿನ ದೋಣಿ ತುಂಬಿಸಿ, ಗೇಟಿನ ಎರಡೂ ಚಿಲಕ ಹಾಕಿ. ಒಂದನ್ನು ತೆರೆಯಲು ನಮ್ಮ ಕತ್ತೆ ಕಲಿತಿದೆ. ಬೂಟು ಇಲ್ಲಿಯೇ ಬಿಡಿ. ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಬಾಗಿಲಲ್ಲಿ ಅವು ಎಷ್ಟೇ ಕುಣಿದರೂ ಮುಟ್ಟಬೇಡಿ. ನೇರ ಬಚ್ಚಲಿಗೆ ಹೋಗಿ, ಬಟ್ಟೆ ಬೇರೆ ಬಕೀಟಿನಲ್ಲಿ ನೆನೆಹಾಕಿ, ಮೈತೊಳೆದುಕೊಂಡ ಮೇಲೆ ಎತ್ತಿಕೊಳ್ಳಿ.